ಭದ್ರಾವತಿಯಿಂದ ಹನ್ನೆರಡು ಮೈಲಿ

ನಾನು ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮುಗಿಸಿ ಭದ್ರಾವತಿಯ ನ್ಯೂ ಟೌನಿನ ಮನೆಗೆ ಮರಳಿದ ವರ್ಷ, ಅಲ್ಲಿನ ಕೆಲವು ಯುವಕರು ಸೇರಿ ಶಿವಮೊಗ್ಗದವರೆಗೆ ಓಟದ ಸ್ಪರ್ಧೆ ಇಟ್ಟರು. ದೂರ ಹನ್ನೆರಡು ಮೈಲಿ. ನಿಜವಾದ ಮ್ಯಾರಥಾನ್ ಇಪ್ಪತ್ತಾರು ಮೈಲಿ ಚಿಲ್ಲರೆ. ಆದರೂ ಎಲ್ಲರೂ ಅದನ್ನು ಮ್ಯಾರಥಾನ್ ಎಂದೇ ಕರೆದರು. ಮೊದಲ ಮೂವರನ್ನು ಬೆಂಗಳೂರಿನ ದೊಡ್ಡ ಓಟಕ್ಕೆ ಕಳುಹಿಸುತ್ತಾರೆಂದು ಕೇಳಿ ನನ್ನ ತಮ್ಮ ಹೆಸರು ಕೊಟ್ಟ. ಎರಡು ತಿಂಗಳು ಕಾರ್ಖಾನೆಯ ಪಾಳಿಗೆ ಹೋಗುವ ಮುಂಚೆ ದಿನವೂ ಓಡಿದ. ಬೆಂಗಳೂರಿನ ಮಾತು ಬಿಟ್ಟರೆ ಅವನಿಗೆ ಬೇರೆ ಮಾತಿರಲಿಲ್ಲ.

ಒಂದು ಸಂಜೆ ಅಮ್ಮ ಅಕ್ಕಿ ಆರಿಸುತ್ತಾ, "ಅದೆಂಥದೇ ಆ ಹೆಸರು?" ಎಂದಳು. ಮ್ಯಾರಥಾನ್ ಗ್ರೀಕರ ದೇಶದ ಒಂದು ಊರು ಎಂದೆ. ಅಲ್ಲಿ ಯುದ್ಧ ಗೆದ್ದ ಸುದ್ದಿ ಹೊತ್ತು ಒಬ್ಬ ಅಥೆನ್ಸಿನವರೆಗೆ ಓಡಿದ, ಗೆದ್ದೆವು ಎಂದು ಹೇಳಿ ಅಲ್ಲೇ ಬಿದ್ದು ಸತ್ತ ಎಂದು ಕಥೆ ಮುಗಿಸಿದೆ.

ಅಮ್ಮನ ಕೈ ಮೊರದಲ್ಲೇ ನಿಂತಿತು. "ಅವನು ಓಡಿದ್ದಕ್ಕೆ ಸತ್ತಿಲ್ಲ. ಏದುಸಿರಲ್ಲಿ ಬಾಯಿ ಬಿಟ್ಟಿದ್ದಕ್ಕೆ ಸತ್ತ."

"ಹಾಗಾದ್ರೆ ನಾನು ಮೂಗನ ಥರ ಓಡ್ತೀನಿ ಬಿಡಮ್ಮ," ಎಂದು ತಮ್ಮ ನಕ್ಕ.

ಅಮ್ಮ ನಗಲಿಲ್ಲ. ಅವನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. "ಬೆಲ್ಲ, ನೀರು ಹೊಟ್ಟೆಗೆ ಬೀಳೋ ತನಕ ಒಂದು ಮಾತೂ ಆಡಲ್ಲ ಅಂತ ಆಣೆ ಇಡು. ಇಲ್ದಿದ್ರೆ ಓಡೋದೇ ಬೇಡ."

ಅವನು ಆಣೆ ಇಟ್ಟ.

ಓಟದ ದಿನ ಅಮ್ಮ, ನಾನು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಕೊನೆಯ ಗೆರೆಯ ಬಳಿ ನಿಂತೆವು. ಎದೆಗೆ ಚುಚ್ಚಿದ ಕಾಗದದ ನಂಬರು ಬೆವರಿಗೆ ಹರಿದುಹೋಗುತ್ತದೆಂದು, ಗೆರೆ ದಾಟಿದವನು ತನ್ನ ನಂಬರನ್ನು ಬಾಯಲ್ಲೇ ಹೇಳಬೇಕಿತ್ತು. ಅದು ನನಗೆ ತಿಳಿದದ್ದು ಮೊದಲು ಬಂದವನು ಕೂಗಿದಾಗ. ಅಮ್ಮ ಆಗ ಚೊಂಬು ಹಿಡಿದು ನಲ್ಲಿಯ ಕಡೆ ಹೋಗಿದ್ದಳು.

ತಮ್ಮ ಮೂರನೆಯವನಾಗಿ ಬಂದ.

"ನಂಬರ್ ಹೇಳಪ್ಪಾ," ಎಂದರು ಪಟ್ಟಿ ಬರೆಯುತ್ತಿದ್ದ ಮೇಷ್ಟ್ರು.

ಅವನು ತುಟಿ ಬಿಗಿದು ಮೂರು ಬೆರಳೆತ್ತಿದ.

"ಮೂರನೆಯೋನು ಅಂತ ನಂಗೂ ಗೊತ್ತಯ್ಯಾ. ನಂಬರ್ ಹೇಳು!"

"ನಾಲಿಗೆ ದಾರೀಲೇ ಬಿದ್ದೋಯ್ತಾ ಮಾರಾಯ?" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

"ಮೂವತ್ತೊಂದು," ಎಂದು ಅವನ ನಂಬರನ್ನು ನಾನೇ ಹೇಳಿದೆ. ಪಕ್ಕದವರಿಗೂ ಕೇಳಿಸಲಿಲ್ಲ. ಅಷ್ಟು ಗಂಡಸರ ನಡುವೆ ದನಿ ಎತ್ತಿ ನನಗೆ ಅಭ್ಯಾಸವಿರಲಿಲ್ಲ. ಮತ್ತೆ ಹೇಳುವಷ್ಟರಲ್ಲಿ, ಹಿಂದೆಯೇ ಬಂದ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರು "ನಲವತ್ತು, ಸಾರ್!" ಎಂದರು. ಮೇಷ್ಟ್ರು ಬರೆದುಕೊಂಡರು. ತಮ್ಮ ನಾಲ್ಕನೆಯವನಾದ.

ಅಮ್ಮ ಹಗ್ಗದಡಿ ನುಸುಳಿ ಬಂದು ಅವನ ಬಾಯಿಗೆ ಬೆಲ್ಲ ಇಟ್ಟಳು. ನಡೆದದ್ದನ್ನು ಹೇಳಿದೆ. "ಬೆಂಗ್ಳೂರು ಎಲ್ಲಿಗೂ ಓಡೋಗಲ್ಲ. ಮಗ ಉಸಿರಾಡ್ತಿದಾನಲ್ಲ," ಎಂದಳು.

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ನಿದ್ದೆಹೋದ ಮೇಲೆ ತಮ್ಮನಿಗೆ ಹೇಳಿದೆ: ಹಳೆಯ ಬರಹಗಳಲ್ಲಿ ಆ ಓಟಗಾರ ಸಾಯುವುದಿಲ್ಲ, ಸಾಯುವ ಕಥೆ ಎಷ್ಟೋ ಶತಮಾನಗಳ ನಂತರದ್ದು. ಅದು ನನಗೆ ಅಂದೇ ಗೊತ್ತಿತ್ತು. ಕಥೆ ಚೆನ್ನಾಗಿ ಮುಗಿಯಲೆಂದು ಹೇಳದೆ ಬಿಟ್ಟಿದ್ದೆ.



"ಅವತ್ತೇ ಹೇಳೋದಲ್ವಾ ಮಾರಾಯ್ತಿ," ಎಂದ.

ಬೈಯಲಿಲ್ಲ. ಭದ್ರಾವತಿ ಬರುವವರೆಗೆ ಮತ್ತೆ ಮಾತಾಡಲೂ ಇಲ್ಲ.