ಕಟಿಂಗ್ ಮಾಸ್ಟರ್ ಪೈಪು ಹೊಲಿದದ್ದು

ನಮ್ಮ ಭಾವ ದೊಡ್ಡದೊಂದು ಟೈಲರಿಂಗ್ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವರು. ಅವರ ಕತ್ತರಿ ಒಂದಂಗುಲ ಬಟ್ಟೆಯನ್ನೂ ದಂಡ ಮಾಡಿದ್ದಿಲ್ಲವಂತೆ. ಇದನ್ನು ಬೇರೆ ಯಾರೂ ಹೇಳಿದ್ದಲ್ಲ, ಅವರೇ ಹೇಳಿದ್ದು, ದಿನಕ್ಕೆ ಎರಡು ಸಲದಂತೆ. ಕೆಲಸ ಬಿಟ್ಟ ಮೇಲೂ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಲೇ ಇರುತ್ತದೆ. ಮಂಚ, ಕಿಟಕಿ, ಕೊನೆಗೆ ಸ್ನಾನದ ಮನೆಯ ಚಿಲಕ, ಎಲ್ಲದರ ಅಳತೆಯೂ ಅವರಿಗೆ ಬಾಯಿಪಾಠ.

ಹಿತ್ತಲಿನಲ್ಲಿ ಅಕ್ಕ ಇಪ್ಪತ್ತೆರಡು ಗಿಡ ಸಾಕಿದ್ದಾಳೆ. ಅವಳ ಬಲಮಂಡಿ ನಾಲ್ಕು ವರ್ಷದಿಂದ ಸರಿಯಿಲ್ಲ. ಭಾರ ಎತ್ತಕೂಡದು, ಹೀಗೇ ಊದುತ್ತಿದ್ದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಆಗಲೇ ಹೆದರಿಸಿದ್ದರು. ಮನೆಗೆ ಪೈಪು ಬಂದದ್ದೇ ಅದಕ್ಕೆ. ಭಾವ ನಲ್ಲಿಯಿಂದ ಗೋಡೆಮೂಲೆಯ ನಿಂಬೆ ಗಿಡದ ತನಕ ಟೇಪು ಹಿಡಿದು ಅಳೆದು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದಂತೆ ತಂದಿದ್ದರು. ಪೈಪಿನ ಬಾಯಿ ನಿಂಬೆಯ ಬುಡ ಮುಟ್ಟಿದ ದಿನ ಅವರ ಮುಖ ನೋಡಬೇಕಿತ್ತು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಆ ಪೈಪು ಹಿಡಿದು ನೀರು ಹಾಕಿದ್ದೆಲ್ಲ ಅಕ್ಕನೇ.

ಈ ಬೇಸಿಗೆಯಲ್ಲಿ ಬಿಸಿಲು ಬಿದ್ದೂ ಬಿದ್ದೂ ಪೈಪು ನಟ್ಟನಡುವೆ ಬೆರಳುದ್ದ ಸೀಳಿತು. ನಾನು ಎದುರು ಬೀದಿಯವನು. ಬೆಳಗಿನ ಕಾಫಿಗೆ ಅಕ್ಕನ ಮನೆಗೇ ಹೋಗುವವನಾದ್ದರಿಂದ ಎಲ್ಲಕ್ಕೂ ಸಾಕ್ಷಿಯಾದೆ.

"ಸೀಳಿರೋದನ್ನ ಕತ್ತರಿಸಿ ತೆಗೆದು, ನಡುವೆ ಒಂದು ಜಾಯಿಂಟ್ ಹಾಕಿದ್ರೆ ಆಯ್ತಂತೆ. ಅಂಗಡಿಯವನೇ ಕೊಟ್ಟ" ಎಂದು ಅಕ್ಕ ಪೊಟ್ಟಣ ಮುಂದಿಟ್ಟಳು.

"ಕತ್ತರಿಸೋದಾ? ಒಂದು ಗೇಣು ಕಮ್ಮಿ ಆಗತ್ತೆ. ಆಮೇಲೆ ನಿಂಬೆ ಗಿಡಕ್ಕೆ ನಿಮ್ಮಪ್ಪ ಬಂದು ನೀರು ಹಾಕ್ತಾರಾ?"

"ಗೇಣು ಕಮ್ಮಿಯಾದ್ರೆ ಏನೀಗ? ನೀರು ಹೋಗತ್ತೆ ಬಿಡಿ."

"ಅಳತೆ ವಿಷಯ ನಂಗೆ ಹೇಳ್ಕೊಡ್ಬೇಡ."

ನಾನು ಕಾಫಿ ಹೀರುತ್ತಾ, "ಮಾಸ್ಟರಿಗೇ ಕಟಿಂಗ್ ಹೇಳ್ಕೊಡ್ತೀಯಲ್ಲಕ್ಕಾ!" ಎಂದು ನಕ್ಕೆ. ಅಕ್ಕ ಗಿಡಗಳಿಗೆ ನೀರು ಹೊರಲು ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಮೊದಲ ದಿನ ಭಾವ ಕರೆಂಟಿನವರ ಕರಿ ಟೇಪು ಸುತ್ತಿದರು. ನಲ್ಲಿ ತಿರುಗಿಸಿದ್ದೇ ತಡ, ಅದು ಬಿಚ್ಚಿಕೊಂಡು ಹಾರಿತು. ಮರುದಿನ ಸೈಕಲ್ ಟ್ಯೂಬು ಬಿಗಿದರು, ಅದು ಪುಣ್ಯಕ್ಕೆ ಕಾಲು ಗಂಟೆ ತಡೆಯಿತು. ನಾಲ್ಕನೆಯ ದಿನ ಅವರೊಳಗಿನ ಕಲಾವಿದ ಎದ್ದು ಕೂತ. ಹಳೇ ರೇನ್‌ಕೋಟಿನಿಂದ ತೇಪೆ ಕತ್ತರಿಸಿ, ಮೇಣ ಸವರಿದ ದಾರದಲ್ಲಿ ಪೈಪಿಗೆ ಹೊಲಿಗೆ ಹಾಕಿದರು. ಸೂಜಿಗೆ ದಾರ ಪೋಣಿಸಿಕೊಟ್ಟವನು ನಾನೇ. ನೀರು ಬಿಟ್ಟೆವು. ಸೂಜಿ ಹೋದಲ್ಲೆಲ್ಲ ಒಂದೊಂದು ಕಾರಂಜಿ ಎದ್ದು ಭಾವನ ಕನ್ನಡಕ ತೊಯ್ದುಹೋಯಿತು. ಮೊದಲು ಒಂದೇ ಕಡೆ ಸೋರುತ್ತಿದ್ದದ್ದು ಈಗ ನಲವತ್ತು ಕಡೆ.

"ಸೋರ್ಲಿ ಬಿಡು. ಆದ್ರೆ ನೋಡು, ಒಂದು ಹೊಲಿಗೆಯಾದ್ರೂ ಸೊಟ್ಟಗಿದ್ಯಾ?" ಎಂದರು ಭಾವ.

ಆ ನಲವತ್ತು ತೂತು ಮುಚ್ಚುವುದರಲ್ಲಿ ಮತ್ತೆ ನಾಲ್ಕೈದು ದಿನ ಕಳೆಯಿತು. ಮೇಣ, ಅಂಟು, ನಡುನಡುವೆ ನನ್ನ ಅಮೂಲ್ಯ ಸಲಹೆ, ಯಾವುದಕ್ಕೂ ಕೊರತೆಯಿರಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಅಕ್ಕ ಬಕೆಟ್ ಸಮೇತ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತಳು. ಎಷ್ಟು ಮಾಡಿದರೂ ಏಳಲಾಗಲಿಲ್ಲ. ಮಂಡಿ ಊದಿ ತೆಂಗಿನಕಾಯಿಯಂತಾಗಿತ್ತು.

ಭಾವನ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಕತ್ತರಿ ತಂದು, ಕಣ್ಣು ಮುಚ್ಚಿದಂತೆ ಮಾಡಿ ಪೈಪು ಕತ್ತರಿಸಿದರು. ಜಾಯಿಂಟ್ ತೂರಿಸಿ ಎರಡೂ ಕಡೆ ಕ್ಲಾಂಪ್ ಬಿಗಿದರು. ಐದು ನಿಮಿಷವೂ ಹಿಡಿಯಲಿಲ್ಲ, ಒಂದು ಹನಿಯೂ ಸೋರಲಿಲ್ಲ. ಆದರೆ ನಿಂಬೆ ಗಿಡಕ್ಕೆ ಎಳೆದರೆ ಪೈಪು ಸರಿಯಾಗಿ ಒಂದು ಗೇಣು ಮೋಟು.

"ನಾನ್ ಹೇಳಿರ್ಲಿಲ್ವಾ?" ಎಂದರು. ಅಂಥ ಹೊತ್ತಿನಲ್ಲೂ ದನಿಯಲ್ಲಿ ಗೆದ್ದ ಗತ್ತು.

ಅಕ್ಕ ಗೋಡೆ ಹಿಡಿದು ಕುಂಟುತ್ತಾ ಬಂದಳು. ಅವರ ಕೈಯಿಂದ ಪೈಪು ತೆಗೆದುಕೊಂಡು ಅದರ ಬಾಯಿಗೆ ಹೆಬ್ಬೆರಳು ಒತ್ತಿದಳು. ನೀರು ಚಿಮ್ಮಿ ನಿಂಬೆ ಗಿಡವನ್ನು ನೆತ್ತಿಯಿಂದ ಬುಡದ ತನಕ ತೋಯಿಸಿತು.

ಭಾವ ಬಾಯಿ ಬಿಟ್ಟುಕೊಂಡು ಆ ಹೆಬ್ಬೆರಳನ್ನೇ ನೋಡಿದರು. "ಅಷ್ಟೇನಾ?"

"ಅಷ್ಟೇ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

"ನೀನೇನ್ ನಗ್ತೀಯ? ಒಂಬತ್ತು ದಿನ ಇಬ್ರೂ ಈ ಪೈಪಿನ ಹಿಂದೆ ಬಿದ್ದಿದ್ರಿ. ಒಬ್ರಿಗಾದ್ರೂ ಬಕೆಟ್ ಎತ್ಬೇಕು ಅನ್ನಿಸ್ಲಿಲ್ವಾ?"

ಭಾವ ಕೊರಳಿನ ಟೇಪು ತೆಗೆದು ಸುತ್ತತೊಡಗಿದರು. ನಾನು ಮೆಟ್ಟಿಲ ಮೇಲಿದ್ದ ಬಕೆಟ್ ಎತ್ತಿ ಪಕ್ಕಕ್ಕಿಟ್ಟೆ.

ಮುಂದಿನ ತಿಂಗಳು ಅಕ್ಕನಿಗೆ ಆಪರೇಷನ್. ಅವಳು ಆಸ್ಪತ್ರೆಯಲ್ಲಿರುವಷ್ಟು ದಿನ ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯಾಕೆಗೆ ಹೇಳಿ ಬಂದಿದ್ದಾಳೆ. ನಮ್ಮಿಬ್ಬರನ್ನು ಕೇಳಲೇ ಇಲ್ಲ.