ಚಂದ್ರಮುಕುಟಕ್ಕೆ ಬಣ್ಣ ಹಾಕಿದವಳು

ಮಿಯಾವ್ ಶೂಯಿಂಗ್ ಸಿಟ್ಟು ಬಂದಾಗ ಕೂಗಾಡುವ ಹೆಂಗಸಲ್ಲ. ಅವಳ ಗಂಡ ಅದನ್ನೇ ಹೇಳಿ ಹೆದರುತ್ತಿದ್ದ: ಕೂಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಚೀನಾದ ಹೆಬೇ ಪ್ರಾಂತದ ಬೆಟ್ಟಗಳ ನಡುವಿನ ಆ ಊರಿನಲ್ಲಿ ಕಾಗದ ಕೊರೆಯುವುದು ಗಂಡಸರ ಕೆಲಸ, ಬಣ್ಣ ಹಾಕುವುದು ಹೆಂಗಸರದು. ಮೂವತ್ತು ತೆಳು ಬಿಳಿ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಮೇಣದ ಹಲಗೆಯ ಮೇಲೆ ಚೂಪು ಚೂರಿಯಿಂದ ಹಕ್ಕಿ, ಹೂವು, ಮಿಡತೆಗಳನ್ನು ಕೊರೆಯುತ್ತಾರೆ. ಆಮೇಲೆ ಇಡೀ ಕಟ್ಟಿಗೆ ಒಟ್ಟಿಗೇ ಬಣ್ಣ. ಬಣ್ಣದ ಪುಡಿಗೆ ಜೋಳದ ಸಾರಾಯಿ ಬೆರೆಸಿದರೆ ಅದು ಮೇಲಿನ ಹಾಳೆಯಿಂದ ಕೊನೆಯ ಹಾಳೆಯವರೆಗೆ ನೇರ ಇಳಿಯುತ್ತದೆ. ಸಾರಾಯಿ ಕಡಿಮೆಯಾದರೆ ಹತ್ತನೆಯದಕ್ಕೇ ನಿಂತುಬಿಡುತ್ತದೆ. ಕುಂಚ ಒಂದು ಗಳಿಗೆ ಹೆಚ್ಚು ತಡೆದರೆ ರೆಕ್ಕೆಯ ಕಪ್ಪು ಎದೆಗೆ ಹಬ್ಬುತ್ತದೆ. ಹೊಸ ವರ್ಷಕ್ಕೆ ಊರೂರಿನ ಕಿಟಕಿಗಳಿಗೆ ಅಂಟುವುದು ಇವೇ.

ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳು ಇಪ್ಪತ್ತನಾಲ್ಕು ವರ್ಷ ತನ್ನ ಗಂಡನ ಅಣ್ಣ ಯನ್ ದೆಹಾಯ್ ಕೊರೆದ ಕಟ್ಟುಗಳಿಗೆ ಬಣ್ಣ ಹಾಕಿದ್ದಳು. ಗಂಡ ಕಲ್ಲಿದ್ದಲ ಗಣಿಯಲ್ಲಿದ್ದ. ತಿಂಗಳಿಗೆರಡು ಸಲ ಮನೆಗೆ ಬರುತ್ತಿದ್ದ.

೧೯೮೬ರ ವಸಂತದಲ್ಲಿ ಕಣದ ಗೋಡೆಯ ಬಿರುಕಿನಲ್ಲಿ ಚಂದ್ರಮುಕುಟ ಹಕ್ಕಿಗಳ ಜೋಡಿಯೊಂದು ಗೂಡು ಮಾಡಿತು. ನೀರಿಗೆ ಹೋಗುವಾಗಲೆಲ್ಲ ಶೂಯಿಂಗ್ ಕೊಡ ಇಳಿಸಿ ನೋಡುತ್ತ ನಿಲ್ಲುತ್ತಿದ್ದಳು. ಆ ಎದೆಯ ಬಣ್ಣ ಇಟ್ಟಿಗೆಯದೂ ಅಲ್ಲ, ಮಾಗಿದ ಜರದಾಳು ಹಣ್ಣಿನದೂ ಅಲ್ಲ. ಚೂರು ಕಾಗದಗಳ ಮೇಲೆ ಒಂದು ತಿಂಗಳು ಪರದಾಡಿದ ಮೇಲೆ ಅದು ಸಿಕ್ಕಿತು: ಮೊದಲು ಹಳದಿ, ಅದು ಪೂರ್ತಿ ಒಣಗಿದ ಮೇಲೆ ತೆಳುವಾದ ಕೆಂಪು, ಕೆಂಪಿನಲ್ಲಿ ಸೂಜಿಮೊನೆಯಷ್ಟು ಮಸಿ. ದೆಹಾಯ್ ಕೊರೆದ ಹಕ್ಕಿ ಅವಳ ಕುಂಚದಡಿಯಲ್ಲಿ ಇನ್ನೇನು ತಲೆಯ ಜುಟ್ಟು ಬಿಚ್ಚುತ್ತದೆ ಅನ್ನುವ ಹಾಗಾಯಿತು.

ಪ್ರಾಂತದ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಅಂಗಳದಲ್ಲಿ ಊಟ ಇಟ್ಟರು. ಶೂಯಿಂಗ್ ಒಳಗೆ ಬರಗಿನ ಹಿಟ್ಟಿನ ಕಡುಬು ಬೇಯಿಸುತ್ತಿದ್ದಾಗ ಹೊರಗೆ ಯಾರೋ ಪ್ರಶಸ್ತಿಪತ್ರ ಓದಿದರು. ಅದರಲ್ಲಿ ಇದ್ದದ್ದು ಒಂದೇ ಹೆಸರು, ದೆಹಾಯ್‌ನದು. ಅವಳು ಕಡುಬೆಲ್ಲ ತಟ್ಟೆಗೆ ತೆಗೆದಿಟ್ಟು ಹೊರಗೆ ಬಂದಳು.

“ಭಾವ, ನನ್ನ ಹೆಸರು ಎಲ್ಲಿ?”

ದೆಹಾಯ್ ನಕ್ಕ. “ಇದರಲ್ಲಿ ನಿಂದು ನಂದು ಅಂತ ಏನಮ್ಮಾ? ಯನ್ ಮನೆ ಹೆಸರು ಬಂತಲ್ಲ, ಸಾಲ್ದಾ?”

“ನಾನು ಯನ್ ಅಲ್ಲ. ನಂದು ತವರಿನ ಹೆಸರು, ಮಿಯಾವ್.”

“ಒಳ್ಳೆ ಕಥೆ! ಮನೆ ಕಟ್ಟಿದೋನ ಹೆಸರು ಹೇಳ್ತಾರೋ, ಸುಣ್ಣ ಹೊಡೆದೋನ ಹೆಸರು ಹೇಳ್ತಾರೋ?”

ನೆಂಟರು ಗೊಳ್ಳೆಂದು ನಕ್ಕರು.

“ಸರಿ. ನಾಳೆಯಿಂದ ಸುಣ್ಣಾನೂ ನೀವೇ ಹೊಡ್ಕೊಳ್ಳಿ.”

ಬಣ್ಣದ ಬಟ್ಟಲುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ದೆಹಾಯ್ ತನ್ನ ಹೆಂಡತಿಯಿಂದ ಎರಡು ಕಟ್ಟಿಗೆ ಬಣ್ಣ ಹಾಕಿಸಿದ. ಎರಡೂ ಕೆಟ್ಟು ಒಲೆಗೆ ಹೋದವು. ಗಂಡ ಮನೆಗೆ ಬಂದವನು ಗಂಜಿಯ ಬಟ್ಟಲು ಹಿಡಿದು ಮೆಲ್ಲಗೆ ಕೇಳಿದ, “ಅಣ್ಣ ಬೇಜಾರು ಮಾಡ್ಕೊಂಡಿದಾನೆ. ಬಿಟ್ಟುಬಿಡಬಾರದಾ?”

“ನೀನು ಅಗೆದ ಕಲ್ಲಿದ್ದಲನ್ನ ಇನ್ನೊಬ್ಬನ ಹೆಸರಿಗೆ ಬರೆದ್ರೆ ನೀನು ಬಿಡ್ತೀಯಾ?”

ಅವನು ಗಂಜಿ ಕುಡಿದ.

ಬಹುಮಾನದ ಹಕ್ಕಿಯನ್ನು ಜಿಲ್ಲೆಯ ಪೇಟೆಯ ಕಲಾಭವನದಲ್ಲಿ ಗಾಜಿನೊಳಗೆ ತೂಗುಹಾಕಿದರು. ಸಂತೆಯ ದಿನ ಶೂಯಿಂಗ್ ಹೋಗಿ ನೋಡಿದಳು. ಕೆಳಗಿನ ಚೀಟಿಯಲ್ಲೂ ಅದೇ ಒಂದು ಹೆಸರು. ಚೀಲದಿಂದ ಕೆಂಪು ಬಣ್ಣದ ಸೀಸೆ ತೆಗೆದು, ಗಾಜಿನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದಳು: ‘ಬಣ್ಣ, ಮಿಯಾವ್ ಶೂಯಿಂಗ್.’

ಕಾವಲುಗಾರ ಪಾಂಗ್ ಓಡಿಬಂದ. “ಅಯ್ಯಯ್ಯೋ, ಏನಕ್ಕಾ ಇದು! ಸರ್ಕಾರಿ ಗಾಜು!”

“ಗಾಜು ಸರ್ಕಾರದ್ದು. ಹಕ್ಕಿ ನಂದು.”

ಅವನು ಒರೆಸಿದ. ಐದು ದಿನಕ್ಕೆ ಮತ್ತೆ ಸಂತೆ. ಅವಳು ಮತ್ತೆ ಬರೆದಳು. ನಾಲ್ಕನೇ ಸಲ ಬರುವಷ್ಟರಲ್ಲಿ ಪಾಂಗ್ ಒದ್ದೆ ಬಟ್ಟೆ ಹಿಡಿದೇ ಕೂತಿದ್ದ.

“ಪೊಲೀಸ್ನೋರ್ನ ಕರೀತೀನಿ ನೋಡು.”

“ಕರಿ. ನಮ್ಮ ಭಾವನ್ನೂ ಕರಿ. ಎಲ್ಲರ ಎದುರಿಗೇ ಅವರೊಂದು ಹಕ್ಕಿಗೆ ಬಣ್ಣ ಹಾಕ್ಲಿ, ನಾನೊಂದಕ್ಕೆ ಹಾಕ್ತೀನಿ.”

ಮಾತು ಸಂತೆಯಲ್ಲಿ ಹರಡಿತು. ಮೊಟ್ಟೆ ಮಾರುವವರು, ಸೊಪ್ಪು ಮಾರುವವರು ಬುಟ್ಟಿ ಹೊತ್ತುಕೊಂಡೇ ಬಂದು ಇಣುಕತೊಡಗಿದರು. ಭವನದ ಮುಖ್ಯಸ್ಥನಿಗೆ ರೋಸಿಹೋಯಿತು. ದೆಹಾಯ್‌ಗೆ ಹೇಳಿಕಳಿಸಿ, ಇಬ್ಬರನ್ನೂ ಗಾಜಿನ ಮುಂದೆ ನಿಲ್ಲಿಸಿ ಕೇಳಿದ, “ಯನ್ ಅವರೇ, ಈ ಎದೆಯ ಬಣ್ಣ ಹೇಗೆ ಬಂತು, ಹೇಳಿ.”

“ಕೆಂಪು... ಸ್ವಲ್ಪ ಹಳದಿ,” ಎಂದ ದೆಹಾಯ್.

“ಯಾವುದು ಮೊದಲು, ಭಾವ?” ಎಂದಳು ಶೂಯಿಂಗ್.

ದೆಹಾಯ್ ಹಕ್ಕಿಯನ್ನು ನೋಡಿದ, ನೆಲ ನೋಡಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಒಂದೇ ಅಂಗಳದಲ್ಲಿ, ಹತ್ತು ಹೆಜ್ಜೆ ಆಚೆ, ಇಪ್ಪತ್ತನಾಲ್ಕು ವರ್ಷ ಕೂತವನು ಒಮ್ಮೆಯೂ ಇತ್ತ ತಿರುಗಿ ನೋಡಿರಲಿಲ್ಲ. ಹೆಸರು ಬಿಟ್ಟದ್ದಕ್ಕಿಂತ ಇದು ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ಮುಂದಿನ ಸಂತೆಗೆ ಚೀಟಿ ಬದಲಾಗಿತ್ತು: ‘ಕೊರೆದವರು, ಯನ್ ದೆಹಾಯ್. ಬಣ್ಣ, ಅವರ ಮನೆಯ ಸೊಸೆ.’

ಅವಳ ಕೈ ಚೀಲಕ್ಕೆ ಹೋಯಿತು.

“ತಡಿ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ!” ಪಾಂಗ್ ಗಾಜಿನ ಬೀಗ ತೆಗೆದು ಚೀಟಿ ಹರಿದುಹಾಕಿದ. ತಾನೇ ಕೂತು ಅವಳ ಹೆಸರು ಹಾಕಿ ಹೊಸದು ಬರೆದ. ಅವಳು ಒಂದೊಂದು ಗೆರೆಯನ್ನೂ ನಿಂತು ನೋಡಿದಳು.

“ಈಗಲಾದ್ರೂ ಸಿಟ್ಟು ಇಳೀತಾ?” ಎಂದು ಕೇಳಿದ ಅವನು.

“ಇದು ಒಂದು ಹಕ್ಕಿ. ಮಿಕ್ಕವೆಲ್ಲ ಯಾರ್ಯಾರ ಕಿಟಕೀಲಿ ಭಾವನ ಹೆಸರಲ್ಲಿ ಕೂತಿವೆಯೋ, ಅವಕ್ಕೆ ಯಾರು ಚೀಟಿ ಬರೀತಾರೆ?”

ದೆಹಾಯ್‌ನ ಕಟ್ಟುಗಳನ್ನು ಅವಳು ಮತ್ತೆ ಮುಟ್ಟಲಿಲ್ಲ. ಅವನು ಕೇಳಲೂ ಇಲ್ಲ. ಪಕ್ಕದೂರಿನ ಒಬ್ಬ ಕೊರೆಯುವವನು ಹಾಳೆಗಳ ಮೇಲೆ ಇಬ್ಬರ ಹೆಸರಿನ ಮುದ್ರೆ ಒತ್ತಲು ಒಪ್ಪಿಕೊಂಡ. ಚಳಿಗಾಲಕ್ಕೆ ಅವನು ಕಳಿಸಿದ ಮೊದಲ ಕಟ್ಟಿನಲ್ಲಿ ಹುರುಳಿಕಾಯಿಯ ಬಳ್ಳಿಯೂ ಅದರ ಮೇಲೊಂದು ಮಿಡತೆಯೂ ಇದ್ದವು. ಬಳ್ಳಿಯ ತುದಿ ತೀರ ದಪ್ಪವಾಯಿತೆಂದು ಶೂಯಿಂಗ್ ಅದನ್ನು ಬಯ್ಗುಳದ ಸಮೇತ ವಾಪಸು ಕಳಿಸಿದಳು.