ಬೇರೆ ಇಟ್ಟ ನಾಲ್ಕು ದಿನ

ಕೊಟ್ಟೂರಿಗೆ ವರ್ಗವಾಗಿ ಬಂದ ವರ್ಷ ದಾವಣಗೆರೆಯ ಅಕ್ವೇರಿಯಂ ಅಂಗಡಿಯಿಂದ ಎರಡು ಗಿನಿಪಿಗ್ ತಂದೆ, ಒಂದು ಕರಿಯದು, ಒಂದು ಬಿಳಿಯದು. ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ಯಾರಾದರೂ ಕೇಳಿದರೆ ಮಕ್ಕಳ ಪಾಠಕ್ಕೆ ಅನ್ನುತ್ತಿದ್ದೆ. ಶುದ್ಧ ಸುಳ್ಳು, ಒಂದು ದಿನವೂ ಶಾಲೆಗೆ ಒಯ್ಯಲಿಲ್ಲ. ಬೀಗ ತೆಗೆದು ಒಳಗೆ ಬಂದಾಗ ಮನೆಯಲ್ಲಿ ಏನಾದರೂ ಸದ್ದಿರಲಿ ಎಂದು ತಂದದ್ದು.

ಕಳೆದ ಚಳಿಗಾಲದಲ್ಲಿ ಕರಿಯದು ಕೆರೆದುಕೊಳ್ಳಲು ಶುರುಮಾಡಿತು. ಬೆನ್ನಿನ ಕೂದಲು ಉದುರಿ ಚರ್ಮ ಹೊಟ್ಟು ಹೊಟ್ಟಾಯಿತು. ಕೆಳಗಿನ ಮನೆಯ ಓನರಮ್ಮ ಉಜ್ಜಿನಿ ಕಡೆಯವರು, ಕುರಿ ಸಾಕಿದ ಮನೆಯ ಮಗಳು. ನೋಡಿದವರೇ, "ಕಜ್ಜಿ ಹತ್ತಿದ್ ಕುರೀನ ಹಿಂಡಿನಾಗ ಬಿಡ್ತಾರೇನ್ರಿ ಟೀಚರ್? ಬ್ಯಾರೆ ಇಡ್ರಿ, ಇಲ್ಲಂದ್ರ ಎರಡೂ ಹೋಗ್ತಾವ" ಅಂದರು.

ನನಗೂ ಸರಿ ಅನ್ನಿಸಿತು. ಬಿಳಿಯದಾದರೂ ಉಳಿಯಲಿ ಎಂದು ಕರಿಯದನ್ನು ರಟ್ಟಿನ ಡಬ್ಬದಲ್ಲಿ ಹಾಕಿ ಅಡುಗೆಮನೆಯಲ್ಲಿಟ್ಟು, ಬೇವಿನೆಣ್ಣೆ ಸವರಿದೆ. ಮೂರು ದಿನ ಅರೆಬರೆ ತಿಂದಿತು. ನಾಲ್ಕನೆಯ ದಿನ ಕೊತ್ತಂಬರಿಯನ್ನು ಮೂಸಿಯೂ ನೋಡಲಿಲ್ಲ.

ಶಾಲೆಗೆ ರಜೆ ಹಾಕಿ ಎರಡನ್ನೂ ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿಯ ಡಾಕ್ಟರು ಕರಿಯದರ ಚರ್ಮ ಕೆರೆದು ನೋಡಿ ನನ್ನನ್ನೇ ಬೈದರು.

"ಯಾಕ ಬ್ಯಾರೆ ಇಟ್ರಿ? ಕಣ್ಣಿಗೆ ಕಾಣದಂಥ ಹುಳ ಇವು. ಆಗ್ಲೇ ಎರಡಕ್ಕೂ ಹತ್ತಿರ್ತಾವ. ಔಷಧ ಎರಡಕ್ಕೂ ಹಾಕಬೇಕು. ಇದು ಜೊತಿ ಇಲ್ದ ಮೇವು ಬಿಟ್ಟೈತಿ. ಇವತ್ತು ತಿನ್ಲಿಲ್ಲಂದ್ರ ಉಳಿಯೂದಿಲ್ಲ ನೋಡ್ರಿ."

ಪರೋಪಜೀವಿಗಳ ಪಾಠವನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಅನ್ನಿಸಿತು.

ಔಷಧ ಕುರಿಗೆ ಹಾಕುವುದೇ, ಆದರೆ ಇದಕ್ಕೆ ತೂಕ ನೋಡಿ ಹನಿ ಲೆಕ್ಕದಲ್ಲಿ ಕೊಡಬೇಕು. ಅಷ್ಟು ಸಣ್ಣ ತಕ್ಕಡಿ ಆಸ್ಪತ್ರೆಯಲ್ಲಿರಲಿಲ್ಲ. ಎದುರಿನ ಬಂಗಾರದಂಗಡಿಗೆ ಓಡಿದೆ. ಅಂಗಡಿಯವರು ಬೆಳ್ಳಿ ತೂಗುವ ತಕ್ಕಡಿಯ ಮೇಲೆ ಪೇಪರ್ ಹಾಸಿ, "ಎಷ್ಟ್ ತೊಲಿ ಐತ್ರಿ ನಿಮ್ಮ ಒಡವಿ?" ಎಂದು ನಕ್ಕರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕರಿಯದು ಬಿಳಿಯದರ ಮುಕ್ಕಾಲು ಭಾಗವೂ ತೂಗಲಿಲ್ಲ.

ಡಾಕ್ಟರು ಎರಡರ ಕುತ್ತಿಗೆಯ ಹಿಂದೆ ಕೂದಲು ಸರಿಸಿ ಹನಿ ಬಿಟ್ಟರು. ಎರಡು ವಾರ ಬಿಟ್ಟು ಮತ್ತೊಮ್ಮೆ ಬರಬೇಕೆಂದರು. ಮನೆಗೆ ಬಂದು ಪಂಜರದ ಹಳೆಯ ಹುಲ್ಲು ಸುಟ್ಟು, ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಎರಡನ್ನೂ ಒಟ್ಟಿಗೆ ಬಿಟ್ಟೆ.

ಕರಿಯದು ಮೂಲೆಯಲ್ಲಿ ಮುದುರಿ ಕೂತಿತು. ಬಿಳಿಯದು ಹೋಗಿ ಅದರ ಬೋಳು ಬೆನ್ನನ್ನು ಮೂಸಿತು, ಪಕ್ಕಕ್ಕೆ ಒತ್ತಿ ಕೂತಿತು. ಸಂಜೆಯ ಹೊತ್ತಿಗೆ ಬಿಳಿಯದು ತಿನ್ನುತ್ತಿದ್ದ ಕೊತ್ತಂಬರಿಯ ಇನ್ನೊಂದು ತುದಿಯನ್ನು ಕರಿಯದು ಬಾಯಿಗೆ ಎಳೆದುಕೊಂಡಿತು.

ಬದುಕಿತು ಎಂದು ಅತ್ತುಬಿಟ್ಟೆ. ಆಮೇಲೆ, ಹೇಳಲು ನಾಚಿಕೆ, ಹೊಟ್ಟೆಕಿಚ್ಚಾಯಿತು. ನಲವತ್ತಾರು ವರ್ಷದ ಹೆಂಗಸಿಗೆ ಕಜ್ಜಿ ಹತ್ತಿದ ಪ್ರಾಣಿಯ ಮೇಲೆ ಹೊಟ್ಟೆಕಿಚ್ಚು. ಯಾವತ್ತೂ ಒಲೆಯ ಪಕ್ಕ ನಿಂತೇ ಉಣ್ಣುವವಳು ಅವತ್ತು ತಟ್ಟೆಯಲ್ಲಿ ರೊಟ್ಟಿ ಹಾಕಿಕೊಂಡು ಪಂಜರದ ಬಳಿ ನೆಲಕ್ಕೆ ಕೂತೆ. ಎರಡೂ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದವು. ಮತ್ತೆ ಒಂದಕ್ಕೊಂದು ಒತ್ತಿಕೊಂಡು, ನನಗೆ ಬೆನ್ನು ಹಾಕಿ, ತಿನ್ನತೊಡಗಿದವು.